ಯು. ಟಿ. ಪ್ಲೇಸ್ ಅವರ ಬದುಕನ್ನು ಪಾಠವಾಗಿಸಿದ ಬಗೆ

ತತ್ತ್ವಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಮನಸ್ಸಿನ ತತ್ತ್ವಶಾಸ್ತ್ರವನ್ನು ಕನ್ನಡದಲ್ಲಿ ಕಲಿಸುವ ನಾನು, ತಾದಾತ್ಮ್ಯವಾದದ (ಪ್ರಜ್ಞೆಯೂ ಮಿದುಳಿನ ಪ್ರಕ್ರಿಯೆಯೂ ಒಂದೇ ಎಂಬ ವಾದದ) ಪಾಠವನ್ನು ಅದರ ಸೂತ್ರದಿಂದಲ್ಲ, ಅದನ್ನು ಮಂಡಿಸಿದ ಉಲ್ಲಿನ್ ಥಾಮಸ್ ಪ್ಲೇಸ್ ಅವರ ವೃತ್ತಿಜೀವನದಿಂದ ಆರಂಭಿಸುತ್ತೇನೆ. ನಮ್ಮ ಪಠ್ಯಪುಸ್ತಕಗಳಲ್ಲಿ ಅವರಿಗೆ ಸಿಗುವುದು ಹೆಚ್ಚೆಂದರೆ ಒಂದೆರಡು ಸಾಲು: 1956ರಲ್ಲಿ ಪ್ರಜ್ಞೆಯೆಂಬುದು ಮಿದುಳಿನ ಪ್ರಕ್ರಿಯೆಯೆಂದು ಹೇಳಿದರು, ಆಮೇಲೆ ಅದನ್ನು ಸಮರ್ಥಿಸಿ ಸ್ಮಾರ್ಟ್ ಬಂದರು, ಆಮೇಲೆ ಅಮೆರಿಕದ ತತ್ತ್ವಜ್ಞ ಪಟ್ನಂ ಖಂಡಿಸಿದರು. ಇಷ್ಟನ್ನೇ ಓದಿದ ವಿದ್ಯಾರ್ಥಿ ಪರೀಕ್ಷೆಯಲ್ಲಿ ಸರಿಯಾಗಿ ಬರೆಯಬಲ್ಲ; ಆದರೆ ಆ ಮಾತನ್ನು ಹೇಳಬೇಕಾದ ಒತ್ತಡ ಯಾಕೆ ಬಂತು, ಅದನ್ನು ಹೇಳಿದವರು ಎಲ್ಲಿಯವರೆಗೆ ಮಾತ್ರ ಹೇಳಿದರು ಎಂಬುದು ಅವನಿಗೆ ತಿಳಿದಿರುವುದಿಲ್ಲ.

ತರಗತಿಗಾಗಿ ಅವರ ಬದುಕಿನ ಟಿಪ್ಪಣಿ ಸಿದ್ಧಪಡಿಸಲು ಕುಳಿತಾಗ ನಾನು ಹುದ್ದೆಗಳ ಪಟ್ಟಿಯನ್ನು ಬದಿಗಿಟ್ಟೆ. ಯಾವ ಕಾಲದಲ್ಲಿ ಅವರ ದಿನನಿತ್ಯದ ಕೆಲಸ ಏನಾಗಿತ್ತು, ಆಗ ಅವರನ್ನು ಕಾಡುತ್ತಿದ್ದ ಪ್ರಶ್ನೆ ಯಾವುದು ಎಂಬ ಎರಡನ್ನೇ ಎದುರುಬದುರಾಗಿ ಬರೆದುಕೊಂಡೆ. 1924ರಲ್ಲಿ ಯಾರ್ಕ್‌ಷೈರಿನ ನಾರ್ಥಲರ್ಟನ್‌ನಲ್ಲಿ ಹುಟ್ಟಿದ್ದು, ಯುದ್ಧದಲ್ಲಿ ಆಯುಧ ಹಿಡಿಯಲು ಆತ್ಮಸಾಕ್ಷಿ ಒಪ್ಪದೆ ಆಂಬ್ಯುಲೆನ್ಸ್ ದಳದಲ್ಲಿ ದುಡಿದದ್ದು, ಇವನ್ನು ಬೇಗನೆ ಹೇಳಿ ಮುಗಿಸುತ್ತೇನೆ. ಯುದ್ಧಾನಂತರದ ಆಕ್ಸ್‌ಫರ್ಡ್ ಬಂದಾಗ ಮಾತ್ರ ನಿಲ್ಲುತ್ತೇನೆ. ತತ್ತ್ವಶಾಸ್ತ್ರ, ಮನೋವಿಜ್ಞಾನ, ಶರೀರಕ್ರಿಯಾಶಾಸ್ತ್ರ ಈ ಮೂರನ್ನೂ ಒಂದೇ ಪದವಿಯಲ್ಲಿ ಕಲಿಸುವ ವ್ಯವಸ್ಥೆ ಅಲ್ಲಿ ಆಗಷ್ಟೇ ಶುರುವಾಗಿತ್ತು. ಪ್ಲೇಸ್ ಅದರ ಮೊದಲ ವಿದ್ಯಾರ್ಥಿಗಳಲ್ಲಿ ಒಬ್ಬರು. ಅದೇ ಊರಿನಲ್ಲಿ ತತ್ತ್ವಜ್ಞ ಗಿಲ್ಬರ್ಟ್ ರೈಲ್, ಮನಸ್ಸೆಂಬುದು ದೇಹದೊಳಗೆ ಕುಳಿತ ಇನ್ನೊಂದು ವಸ್ತುವಲ್ಲ, ಮನಸ್ಸಿನ ಬಗ್ಗೆ ನಾವಾಡುವ ಮಾತುಗಳು ಬಹುಮಟ್ಟಿಗೆ ಮನುಷ್ಯರ ನಡವಳಿಕೆಯ ಬಗೆಗಿನ ಮಾತುಗಳು ಎಂದು ವಾದಿಸುತ್ತಿದ್ದರು. ಪ್ಲೇಸ್ ಅದನ್ನು ಬಹುಪಾಲು ಒಪ್ಪಿದರು. ಒಪ್ಪಿದ ಮೇಲೆ ಉಳಿದದ್ದೇ ಅವರ ಪ್ರಶ್ನೆ: ಹಲ್ಲುನೋವು, ಕಣ್ಣುಮುಚ್ಚಿದಾಗ ಕಾಣುವ ಬಣ್ಣ, ಮನಸ್ಸಿನಲ್ಲಿ ಮೂಡುವ ಚಿತ್ರ ಇವನ್ನೂ ನಡವಳಿಕೆಯ ಲೆಕ್ಕಕ್ಕೆ ಸೇರಿಸಲಾದೀತೇ?

1951ರಲ್ಲಿ ಅವರು ಆಸ್ಟ್ರೇಲಿಯಾದ ಅಡಿಲೇಡ್ ವಿಶ್ವವಿದ್ಯಾಲಯಕ್ಕೆ ಮನೋವಿಜ್ಞಾನದ ಅಧ್ಯಾಪಕರಾಗಿ ಹೋದರು. ಆಗ ಅಲ್ಲಿ ಮನೋವಿಜ್ಞಾನಕ್ಕೆ ಪ್ರತ್ಯೇಕ ವಿಭಾಗವಿರಲಿಲ್ಲ. ಅದು ತತ್ತ್ವಶಾಸ್ತ್ರ ವಿಭಾಗದೊಳಗೇ ಇತ್ತು, ಆ ವಿಭಾಗಕ್ಕೆ ಜಾಕ್ ಸ್ಮಾರ್ಟ್ ಎಂಬ ಯುವ ಪ್ರಾಧ್ಯಾಪಕರು ಮುಖ್ಯಸ್ಥರಾಗಿದ್ದರು. ಈ ಒಂದು ಆಡಳಿತದ ಏರ್ಪಾಡು ಇಲ್ಲದಿದ್ದರೆ ತಾದಾತ್ಮ್ಯವಾದ ಈ ರೂಪದಲ್ಲಿ ಹುಟ್ಟುತ್ತಿರಲಿಲ್ಲ ಎಂದೇ ನನ್ನ ನಂಬಿಕೆ. ಸ್ಮಾರ್ಟ್ ಆರಂಭದಲ್ಲಿ ರೈಲ್ ಅವರ ಪಕ್ಷದವರಾಗಿದ್ದು ಪ್ಲೇಸ್ ಅವರ ನಿಲುವನ್ನು ವಿರೋಧಿಸುತ್ತಿದ್ದರು. ಚರ್ಚಿಸುತ್ತ ಚರ್ಚಿಸುತ್ತ ಅವರೇ ಮನಸ್ಸು ಬದಲಿಸಿ 1959ರಲ್ಲಿ ಅದೇ ನಿಲುವನ್ನು ಸಮರ್ಥಿಸುವ ಪ್ರಸಿದ್ಧ ಲೇಖನ ಬರೆದರು. ಪ್ಲೇಸ್ ಅವರ ಲೇಖನ ಬ್ರಿಟಿಷ್ ಜರ್ನಲ್ ಆಫ್ ಸೈಕಾಲಜಿಯಲ್ಲಿ 1956ರಲ್ಲಿ ಅಚ್ಚಾಗುವ ಹೊತ್ತಿಗೆ ಅವರು ಇಂಗ್ಲೆಂಡಿಗೆ ಮರಳಿಯಾಗಿತ್ತು. ಆ ಲೇಖನ ಇರುವುದು ಏಳೇ ಪುಟ.

ತರಗತಿಯಲ್ಲಿ ಆ ಏಳು ಪುಟಗಳನ್ನು ತೆರೆದಾಗ ನಾನು ಮೊದಲು ಓದಿಸುವುದು ಲೇಖಕರ ಕೃತಜ್ಞತೆಯ ಅಡಿಟಿಪ್ಪಣಿಯನ್ನು. ಅಡಿಲೇಡ್‌ನಲ್ಲಿ ನಡೆದ ಅನೌಪಚಾರಿಕ ಚರ್ಚೆಗಳನ್ನು ಪ್ಲೇಸ್ ಅಲ್ಲಿ ನೆನೆಯುತ್ತಾರೆ. ತಮ್ಮ ಹಿಂದಿನ ಪ್ರಯತ್ನಗಳನ್ನು ಪಟ್ಟುಹಿಡಿದು ಟೀಕಿಸಿದ್ದಕ್ಕಾಗಿ ಸಿ. ಬಿ. ಮಾರ್ಟಿನ್ ಅವರಿಗೂ, ತಾರ್ಕಿಕ ತೊಡಕುಗಳನ್ನು ಬಿಡಿಸಿಕೊಟ್ಟ ಮೆಲ್ಬರ್ನಿನ ಗ್ಯಾಸ್ಕಿಂಗ್ ಅವರಿಗೂ, ಬೆಂಬಲವಾಗಿ ನಿಂತ ಸ್ಮಾರ್ಟ್ ಅವರಿಗೂ ಋಣ ಸಲ್ಲಿಸುತ್ತಾರೆ. ಎದುರಾಳಿಗೆ ಮೊದಲ ಕೃತಜ್ಞತೆ ಸಲ್ಲುವುದನ್ನು ವಿದ್ಯಾರ್ಥಿಗಳು ತಾವೇ ಗಮನಿಸಬೇಕೆಂಬುದು ನನ್ನ ಆಸೆ. ಅದನ್ನು ಕಂಡ ಮೇಲೆ ಅವರು ಲೇಖನದ ಪ್ರತಿ ವಾಕ್ಯದ ಹಿಂದೆಯೂ ಯಾರದೋ ಆಕ್ಷೇಪವನ್ನು ಹುಡುಕತೊಡಗುತ್ತಾರೆ, ಮತ್ತು ಬಹಳ ಸಲ ಅದು ಸಿಗುತ್ತದೆ.

ಲೇಖನದ ತಿರುಳು ಉದಾಹರಣೆಗಳಲ್ಲಿದೆ. ದೂರದಿಂದ ನೋಡಿದವರಿಗೆ ಮೋಡ ಒಂದು ಬಿಳಿಯ ರಾಶಿ. ಅದರೊಳಗೆ ಹೊಕ್ಕವರಿಗೆ ತೇಲುವ ಹನಿಗಳು. ಎರಡೂ ಒಂದೇ ಎಂಬುದು ಅರ್ಥವಿವರಣೆಯಿಂದ ತಿಳಿಯುವುದಲ್ಲ, ಹತ್ತಿರ ಹೋಗಿ ನೋಡಿ ತಿಳಿಯುವುದು. ಆದರೆ ಪ್ಲೇಸ್ ಈ ಉದಾಹರಣೆಯಲ್ಲೇ ನಿಲ್ಲುವುದಿಲ್ಲ, ಏಕೆಂದರೆ ನೋವಿನ ಹತ್ತಿರ ಎಷ್ಟು ಹೋದರೂ ಅದು ಮಿದುಳಿನ ಕ್ರಿಯೆಯಾಗಿ ಕಾಣಿಸುವುದಿಲ್ಲ. ಆದ್ದರಿಂದ ಅವರು ಮಿಂಚಿನ ಕಡೆಗೆ ತಿರುಗುತ್ತಾರೆ. ಮಿಂಚನ್ನು ಎಷ್ಟು ದಿಟ್ಟಿಸಿದರೂ ವಿದ್ಯುದಾವೇಶಗಳ ಚಲನೆ ಕಣ್ಣಿಗೆ ಕಾಣದು. ಆದರೂ ಅವೆರಡೂ ಒಂದೇ ಎನ್ನುತ್ತೇವೆ, ಏಕೆಂದರೆ ವಿಜ್ಞಾನಿ ಗುರುತಿಸಿದ ಆ ಚಲನೆ, ಸಾಮಾನ್ಯರು ಮಿಂಚು ಕಂಡೆವೆಂದು ಹೇಳುವುದನ್ನೆಲ್ಲ ವಿವರಿಸಿಬಿಡುತ್ತದೆ. ಪ್ರಜ್ಞೆ ಮತ್ತು ಮಿದುಳಿನ ಪ್ರಕ್ರಿಯೆಯ ಸಂಬಂಧವೂ ಈ ಬಗೆಯದಿರಬಹುದು, ಇದನ್ನು ತರ್ಕದ ಬಲದಿಂದಲೇ ತಳ್ಳಿಹಾಕಲಾಗದು, ಇದು ವಿಜ್ಞಾನ ಪರೀಕ್ಷಿಸಬೇಕಾದ ಊಹೆ ಎಂಬುದಷ್ಟೇ ಅವರ ವಾದ. ಹಸಿರು ಉತ್ತರಬಿಂಬ (ದಿಟ್ಟಿಸಿದ್ದರಿಂದ ಕಣ್ಣು ತೆಗೆದ ಮೇಲೂ ಕಾಣುವ ಬಿಂಬ) ಕಂಡಾಗ ಮಿದುಳಿನಲ್ಲಿ ಹಸಿರಾದದ್ದೇನೂ ಇರುವುದಿಲ್ಲವಲ್ಲ ಎಂಬ ಆಕ್ಷೇಪಕ್ಕೂ ಅವರ ಉತ್ತರ ಸ್ಪಷ್ಟವಾಗಿದೆ: ಅನುಭವವನ್ನು ವರ್ಣಿಸುವಾಗ ನಾವು ಒಳಗಿನ ಯಾವುದೋ ಪರದೆಯ ಮೇಲಿನ ಚಿತ್ರವನ್ನು ವರ್ಣಿಸುತ್ತಿಲ್ಲ, ಹಸಿರು ವಸ್ತುವನ್ನು ನೋಡುವಾಗ ಆಗುವಂಥ ಅನುಭವ ಆಗುತ್ತಿದೆ ಎಂದಷ್ಟೇ ಹೇಳುತ್ತಿದ್ದೇವೆ.

ಈ ಹಂತದಲ್ಲಿ ನಮ್ಮ ತರಗತಿಗಳಲ್ಲಿ ತಪ್ಪದೆ ಏಳುವ ಪ್ರಶ್ನೆಯೊಂದಿದೆ: ಸರ್, ಇದನ್ನು ಚಾರ್ವಾಕರು ಆಗಲೇ ಹೇಳಿರಲಿಲ್ಲವೇ? ಇದನ್ನು ನಾನು ಒಂದು ಇಡೀ ತರಗತಿಗೆ ಯೋಗ್ಯವಾದ ಪ್ರಶ್ನೆಯೆಂದು ಭಾವಿಸುತ್ತೇನೆ. ವಿಜಯನಗರ ಕಾಲದ ಸರ್ವದರ್ಶನಸಂಗ್ರಹ ಚಾರ್ವಾಕಮತವನ್ನು ಹೇಳುವಾಗ, ಕಿಣ್ವ ಮೊದಲಾದವುಗಳಿಂದ ಮದಶಕ್ತಿ ಹುಟ್ಟುವಂತೆ ದೇಹವಾಗಿ ಪರಿಣಮಿಸಿದ ಪೃಥ್ವಿ ಮೊದಲಾದ ಭೂತಗಳಿಂದ ಚೈತನ್ಯ ಹುಟ್ಟುತ್ತದೆ ಎಂಬ ಮಾತನ್ನು ಕೊಡುತ್ತದೆ. ಅಲ್ಲಿ ಹುಟ್ಟಿಸುವುದೊಂದು, ಹುಟ್ಟಿದ್ದು ಇನ್ನೊಂದು. ಪ್ಲೇಸ್ ಅವರಲ್ಲಿ ಮಿದುಳು ಪ್ರಜ್ಞೆಯನ್ನು ಹುಟ್ಟಿಸುವುದಿಲ್ಲ. ವಿದ್ಯುದಾವೇಶಗಳ ಚಲನೆಯೇ ಮಿಂಚಾಗಿರುವಂತೆ ಆ ಪ್ರಕ್ರಿಯೆಯೇ ಪ್ರಜ್ಞೆ. ಇಬ್ಬರನ್ನೂ ಭೌತವಾದಿಗಳೆಂದು ಒಂದೇ ಸಾಲಿನಲ್ಲಿ ಕೂರಿಸುವವರು ಈ ವ್ಯತ್ಯಾಸವನ್ನು ಕಳೆದುಕೊಳ್ಳುತ್ತಾರೆ, ಮತ್ತು ಅದರೊಂದಿಗೆ ಎರಡೂ ವಾದಗಳ ಸೊಗಸನ್ನೂ ಕಳೆದುಕೊಳ್ಳುತ್ತಾರೆ.

ಪಠ್ಯಪುಸ್ತಕಗಳು ಬಿಟ್ಟುಬಿಡುವ ಮುಂದಿನ ದಶಕಗಳಿಗೆ ನನ್ನ ಟಿಪ್ಪಣಿಯಲ್ಲಿ ಅರ್ಧದಷ್ಟು ಜಾಗವಿದೆ. ಇಂಗ್ಲೆಂಡಿಗೆ ಮರಳಿದ ಪ್ಲೇಸ್ ಆಸ್ಪತ್ರೆಗಳಲ್ಲಿ ಚಿಕಿತ್ಸಾ ಮನೋವಿಜ್ಞಾನಿಯಾಗಿ ದುಡಿದರು, ಬಳಿಕ ಲೀಡ್ಸ್ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರ ಕಲಿಸಿದರು, ಅಮೆರಿಕದ ಮನೋವಿಜ್ಞಾನಿ ಸ್ಕಿನ್ನರ್ ಅವರ ವರ್ತನವಾದದೊಂದಿಗೆ ಕೊನೆಯವರೆಗೂ ಸಂವಾದ ನಡೆಸಿದರು. ಈ ನಡುವೆ ಸ್ಮಾರ್ಟ್, ಆರ್ಮ್‌ಸ್ಟ್ರಾಂಗ್, ಡೇವಿಡ್ ಲೂಯಿಸ್ ಎಂಬ ತತ್ತ್ವಜ್ಞರು ಪ್ಲೇಸ್ ಅವರ ಸಿದ್ಧಾಂತವನ್ನು ನಂಬಿಕೆ, ಬಯಕೆ, ಜ್ಞಾನಗಳಿಗೂ ವಿಸ್ತರಿಸಿದರು, ಪ್ಲೇಸ್ ಒಪ್ಪಲಿಲ್ಲ. ಕನ್ನಡ ಬಲ್ಲವನು ನಿದ್ದೆಯಲ್ಲಿದ್ದಾಗಲೂ ಕನ್ನಡ ಬಲ್ಲವನೇ. ಆ ಬಲ್ಲವಿಕೆ ಅವನೊಳಗೆ ನಡೆಯುತ್ತಿರುವ ಪ್ರಕ್ರಿಯೆಯಲ್ಲ, ಸಂದರ್ಭ ಬಂದಾಗ ಹೀಗೆ ನಡೆದುಕೊಳ್ಳಬಲ್ಲನೆಂಬ ಸಾಮರ್ಥ್ಯ. ಅವರ ನಿಲುವನ್ನು ನಾನು ವಿದ್ಯಾರ್ಥಿಗಳಿಗೆ ವಿವರಿಸುವುದು ಹೀಗೆ. ಇಂಥ ಸಾಮರ್ಥ್ಯಗಳಿಗೆ ಮಿದುಳಿನ ರಚನೆ ಕಾರಣವಾಗಿರಬಹುದು, ಆದರೆ ಕಾರಣವೇ ಸಾಮರ್ಥ್ಯವಲ್ಲ ಎಂಬ ಈ ನಿಲುವನ್ನು ಅವರು ದಶಕಗಳ ಕಾಲ ಸಡಿಲಿಸಲಿಲ್ಲ. 1996ರಲ್ಲಿ ಇದೇ ವಿಷಯದ ಮೇಲೆ ಮೂವರ ವಾದವಿವಾದ ಪುಸ್ತಕವಾಗಿ ಬಂತು: ಆರ್ಮ್‌ಸ್ಟ್ರಾಂಗ್, ಪ್ಲೇಸ್, ಮತ್ತು ಅಡಿಟಿಪ್ಪಣಿಯ ಅದೇ ಮಾರ್ಟಿನ್. ನಾಲ್ಕು ದಶಕಗಳ ನಂತರವೂ ಅದೇ ಟೀಕಾಕಾರರೊಂದಿಗೆ ಎದುರುಬದುರು ಕೂರುವ ಈ ನಿಷ್ಠೆಯ ಬಗ್ಗೆ ನನಗಿರುವ ಗೌರವವನ್ನು ತರಗತಿಯಲ್ಲಿ ಮುಚ್ಚಿಡುವುದಿಲ್ಲ. 2000ದ ಜನವರಿಯಲ್ಲಿ ಅವರು ತೀರಿಕೊಂಡರು. ಅವರ ಇಚ್ಛೆಯಂತೆ ಅವರ ಮಿದುಳು ಅಡಿಲೇಡ್ ವಿಶ್ವವಿದ್ಯಾಲಯವನ್ನು ಸೇರಿತು.

ಪಾಠದ ಕೊನೆಗೆ ಕೊಡುವ ಬರವಣಿಗೆಯ ಕೆಲಸವೂ ಈ ಕ್ರಮದಿಂದಲೇ ರೂಪುಗೊಂಡದ್ದು. ತಾದಾತ್ಮ್ಯವಾದವನ್ನು ವಿಮರ್ಶಿಸಿರಿ ಎಂದು ಕೇಳುವುದನ್ನು ಬಿಟ್ಟು, ಹಸಿವಿನ ಸಂಕಟ, ನಾಳೆ ಮಳೆ ಬರುತ್ತದೆಂಬ ನಂಬಿಕೆ, ಗುಣಾಕಾರದ ಮಗ್ಗಿ ಬಲ್ಲವಿಕೆ, ಮನಸ್ಸಿನಲ್ಲೇ ಹಾಡು ಗುನುಗುವುದು ಈ ನಾಲ್ಕರಲ್ಲಿ ಯಾವುದನ್ನು ಪ್ಲೇಸ್ ಮಿದುಳಿನ ಪ್ರಕ್ರಿಯೆ ಎನ್ನುತ್ತಿದ್ದರು, ಯಾವುದನ್ನು ಎನ್ನುತ್ತಿರಲಿಲ್ಲ, ಅಲ್ಲಿ ಆರ್ಮ್‌ಸ್ಟ್ರಾಂಗ್ ಏನೆಂದು ಆಕ್ಷೇಪಿಸುತ್ತಿದ್ದರು ಎಂದು ಬರೆಯಲು ಹೇಳುತ್ತೇನೆ. ಮೊದಲ ಮೂರರ ವಿಂಗಡಣೆಯಲ್ಲಿ ಅಷ್ಟೇನೂ ಭಿನ್ನಾಭಿಪ್ರಾಯ ಬರುವುದಿಲ್ಲ. ನಾಲ್ಕನೆಯದರ ಬಗ್ಗೆ ಮಾತ್ರ, ಗುನುಗಲು ಬಲ್ಲೆನೆಂಬುದನ್ನೂ ಈಗ ಗುನುಗುತ್ತಿದ್ದೇನೆ ಎಂಬುದನ್ನೂ ಬೇರ್ಪಡಿಸಬೇಕಾಗುವುದರಿಂದ, ವಿದ್ಯಾರ್ಥಿಗಳು ಎರಡು ಪಕ್ಷವಾಗುತ್ತಾರೆ. ಆ ಚರ್ಚೆಗೆಂದು ಮುಂದಿನ ತರಗತಿಯನ್ನು ಬಿಟ್ಟುಕೊಡುತ್ತೇನೆ.