ಮಧ್ಯಪದ ಒಡೆಸುವುದು ಬಿಟ್ಟ ಮೇಲೆ

ಹತ್ತನೇ ಕ್ಲಾಸಿಗೆ ಟ್ಯೂಷನ್ ಹೇಳುವವರಿಗೆ ವರ್ಗ ಸಮೀಕರಣದ (ಎಕ್ಸ್² ಇರುವ ಸಮೀಕರಣದ) ಪಾಠದಲ್ಲಿ ಬರುವ ಆ ಆಟಿಕೆ ಲೆಕ್ಕ ಗೊತ್ತೇ ಇರುತ್ತದೆ: ಎಕ್ಸ್² − 55ಎಕ್ಸ್ + 750 = 0. ಗುಣಿಸಿದರೆ 750, ಕೂಡಿದರೆ 55 ಬರುವ ಜೋಡಿ ಹುಡುಕಿ, ಮಧ್ಯಪದ 55ಎಕ್ಸ್ ಒಡೆಯಿರಿ ಅಂದರೆ ಅರ್ಧ ಕ್ಲಾಸು ಪೆನ್ನು ಕಚ್ಚುತ್ತಾ ಕೂರುತ್ತದೆ.

ನಾನೀಗ ಹುಡುಕಿಸುವುದೇ ಇಲ್ಲ. 55ರ ಅರ್ಧ 27.5. ಎರಡು ಮೂಲಗಳೂ, ಅಂದರೆ ಎಕ್ಸ್‌ನ ಎರಡು ಬೆಲೆಗಳೂ, ಅದರಿಂದ ಅಷ್ಟಷ್ಟೇ ದೂರ, ಒಂದು ಆಚೆ, ಒಂದು ಈಚೆ. 27.5ರ ವರ್ಗ 756.25 (27ನ್ನು 28ರಿಂದ ಗುಣಿಸಿ 0.25 ಸೇರಿಸಿ, ಸಾಕು). 750 ಕಳೆದರೆ 6.25, ಅದರ ವರ್ಗಮೂಲ 2.5. ಉತ್ತರ 30 ಮತ್ತು 25. 2019ರಲ್ಲಿ ಅಮೆರಿಕದ ಗಣಿತ ಪ್ರಾಧ್ಯಾಪಕ ಪೋ-ಶೆನ್ ಲೋ ಇದನ್ನು ಪ್ರಚಾರಕ್ಕೆ ತಂದರು. ಅರ್ಧ ಮಾಡುವ ಉಪಾಯ ಮಾತ್ರ ಬ್ಯಾಬಿಲೋನಿನವರಷ್ಟು ಹಳೆಯದು.

ಇದಕ್ಕೆ ಮುಂಚೆ ದುಡ್ಡು ಸುರಿದದ್ದೇನೂ ಕಮ್ಮಿಯಲ್ಲ. ವರ್ಗ ಪೂರ್ಣಗೊಳಿಸುವುದನ್ನು (ಎಕ್ಸ್ ಇರುವ ಪದಗಳನ್ನು ಒಂದೇ ವರ್ಗವಾಗಿ ಕೂಡಿಸುವುದನ್ನು) ತೋರಿಸಲು ಬಡಗಿಯ ಹತ್ತಿರ ಪ್ಲೈವುಡ್ ಚೌಕ, ಪಟ್ಟಿ ಮಾಡಿಸಿ ಬಣ್ಣ ಹೊಡೆಸಿದೆ, ಮೂರು ಸಾವಿರದ ಹತ್ತಿರ ಹೋಯಿತು. ಪ್ಲಸ್ ಇರುವವರೆಗೂ ಚೆನ್ನಾಗಿತ್ತು. ಮೈನಸ್ ಬಂದರೆ ಪಟ್ಟಿ ಎಲ್ಲಿಡೋದು ಸಾರ್ ಅಂದರು ಮಕ್ಕಳು. ಈಗ ಮನೆಯಲ್ಲಿ ಅವುಗಳ ಮೇಲೆ ಬಿಸಿ ಪಾತ್ರೆ ಇಡುತ್ತಾರೆ. ವರ್ಗ ಸಮೀಕರಣ ಬಿಡಿಸುವ ಸೂತ್ರಕ್ಕೆ ರಾಗ ಹಾಕಿಯೂ ನೋಡಿದೆ. ಹಾಡು ಬಾಯಿಗೆ ಬಂತು, ಚಿಹ್ನೆ ಬರಲಿಲ್ಲ.

ಎಕ್ಸ್²ಗೆ ಸಹಗುಣಕ (ಮುಂದೆ 2, 3ರಂಥ ಸಂಖ್ಯೆ) ಇದ್ದರೆ ನಿಮ್ಮ ಅರ್ಧದ ಆಟ ನಡೆಯಲ್ಲ ಅಂತ ಜೊತೆಯ ಮೇಷ್ಟ್ರುಗಳು ನಕ್ಕರು. ಅಲ್ಲಿ ನಾನು ಹಳೇ ಕಾಲದ ನಮ್ಮ ಗಣಿತಜ್ಞ ಶ್ರೀಧರಾಚಾರ್ಯನನ್ನು ಹಿಡಿದೆ. ಅವನ ಬೀಜಗಣಿತದ ಪುಸ್ತಕವೇ ಉಳಿದಿಲ್ಲ, ಅವನ ನಂತರದ ಗಣಿತಜ್ಞ ಭಾಸ್ಕರ ಎತ್ತಿ ಹೇಳಿದ್ದರಿಂದ ಈ ನಿಯಮ ನಮಗೆ ಸಿಕ್ಕಿತು: ಭಾಗಿಸಬೇಡ, 4ಎ ಇಂದ ಗುಣಿಸು (ಎ ಅಂದರೆ ಆ ಸಹಗುಣಕ). 2ಎಕ್ಸ್² − 5ಎಕ್ಸ್ + 3 = 0 ಇದ್ದರೆ 8ರಿಂದ ಗುಣಿಸಿ, 16ಎಕ್ಸ್² − 40ಎಕ್ಸ್ + 24 = 0. ಎರಡೂ ಕಡೆ 1 ಸೇರಿಸಿದರೆ (4ಎಕ್ಸ್ − 5)² = 1. ಎಕ್ಸ್ 3/2 ಅಥವಾ 1. ಭಿನ್ನರಾಶಿಯ ಕಾಟ ಕೊನೇ ಸಾಲಿಗೆ ಮಾತ್ರ, ಅಲ್ವಾ?

ಹೋದ ವರ್ಷದ ಬ್ಯಾಚಿನ ಮೂವತ್ತು ಚಿಲ್ಲರೆ ಮಕ್ಕಳಲ್ಲಿ ಈ ಪಾಠದ ಪ್ರಶ್ನೆ ಬಿಟ್ಟು ಬಂದವರು ಇಬ್ಬರೋ ಮೂವರೋ. ನಕ್ಕವರೇ ಈಗ ನೋಟ್ಸ್ ಕೇಳುತ್ತಾರೆ. ಕೊಡುತ್ತೇನೆ. ಆದರೆ ಉತ್ತರ ಪೂರ್ಣಾಂಕವೇ ಬರುವ ಹಾಗೆ ನಿಂತಲ್ಲೇ ಲೆಕ್ಕ ಹೆಣೆಯುವ ನನ್ನ ಪಟ್ಟಿ ಮಾತ್ರ ಕೊಡಲ್ಲ, ಅದು ಹೊಟ್ಟೆಪಾಡು. ಇನ್ನೊಂದು, ಪ್ರಶ್ನೆಯಲ್ಲಿ ‘ಸೂತ್ರದಿಂದ ಬಿಡಿಸಿ’ ಅಂತಿದ್ದರೆ ಸೂತ್ರವನ್ನೇ ಬರೆಸಿ. ಅರ್ಧದ ದಾರಿ ಪಕ್ಕದಲ್ಲಿ ಪೆನ್ಸಿಲಿನಲ್ಲಿ ತಾಳೆ ನೋಡಲು ಇರಲಿ.