ಸ್ವಿಫ್ಟಾ, ಜಾಝಾ? ದಿನದ ಓಡಾಟಕ್ಕೆ ನಾನು ಆರಿಸಿದ ಬಗೆ

ಸಣ್ಣ ಕಾರು ಅಂದ ಕೂಡಲೇ ಎಲ್ಲರೂ ಕೇಳುವುದು ಮೈಲೇಜು, ಆಮೇಲೆ ಪವರ್. ನನಗೆ ಬೇಕಿದ್ದ ಉತ್ತರ ಬೇರೆ. ಗಂಟೆಗೆ 10ರಿಂದ 40 ಕಿ.ಮೀ. ವೇಗದಲ್ಲಿ, ನಿಂತು ನಿಂತು ಹೋಗುವಾಗ, ಕಾರು ಹೇಗಿರುತ್ತದೆ? ದಿನದ ಓಡಾಟ ನಡೆಯುವುದೇ ಆ ವೇಗದಲ್ಲಿ ಅಲ್ವಾ. ಸುಜುಕಿ ಸ್ವಿಫ್ಟ್, ಹೋಂಡಾ ಜಾಝ್ ಎರಡನ್ನೂ ಸೆಕೆಂಡ್ ಹ್ಯಾಂಡ್‌ನಲ್ಲಿ ನೋಡಿದೆ. ಎರಡೂ ಮೂರನೇ ತಲೆಮಾರಿನವು. ಎರಡೂ 1.2 ಲೀಟರ್ ಪೆಟ್ರೋಲ್, ಆಟೋಮ್ಯಾಟಿಕ್.

ಓಡಿಸುವ ಮುಂಚೆ ಎರಡರ ಟೈರಿಗೂ ಗಾಳಿ ಸರಿ ಮಾಡಿಸಿದೆ. ಎಷ್ಟು ಗಾಳಿ ಬೇಕು ಅಂತ ಡ್ರೈವರ್ ಬಾಗಿಲ ಹತ್ತಿರದ ಸ್ಟಿಕರ್‌ನಲ್ಲೇ ಬರೆದಿರುತ್ತದೆ. ಟೈರ್ ತಣ್ಣಗಿರುವಾಗಲೇ ನೋಡಬೇಕು. ಒಂದು ಕಾರಿನಲ್ಲಿ ಗಾಳಿ ಕಡಿಮೆ ಇದ್ದರೆ ಸ್ಟೀರಿಂಗ್ ಭಾರ, ಗುಂಡಿಯಲ್ಲಿ ಆಗುವ ಕುಲುಕಾಟ, ಮೈಲೇಜು ಎಲ್ಲವೂ ಸುಳ್ಳು ಹೇಳುತ್ತವೆ. ಆಮೇಲೆ ನಾನು ದಿನಾ ಹೋಗುವ ದಾರಿಯಲ್ಲೇ, ದಿನಾ ಹೋಗುವ ಹೊತ್ತಿಗೇ ಓಡಿಸಿದೆ. ಖಾಲಿ ರಸ್ತೆಯಲ್ಲಿ ಯಾವ ಕಾರಾದರೂ ಚೆನ್ನಾಗಿಯೇ ಓಡುತ್ತದೆ.

ದೊಡ್ಡ ವ್ಯತ್ಯಾಸ ಕಂಡಿದ್ದು ಗೇರ್‌ಬಾಕ್ಸ್‌ನಲ್ಲಿ. ಸ್ವಿಫ್ಟ್‌ನಲ್ಲಿದ್ದದ್ದು ಎಎಂಟಿ. ಅಂದರೆ ಮಾಮೂಲಿ ಮ್ಯಾನ್ಯುಯಲ್ ಗೇರ್‌ಬಾಕ್ಸೇ, ಕ್ಲಚ್ ಒತ್ತಿ ಗೇರ್ ಬದಲಿಸುವ ಕೆಲಸವನ್ನು ಯಂತ್ರ ಮಾಡುತ್ತದೆ. ಒಂದರಿಂದ ಎರಡನೇ ಗೇರಿಗೆ ಹೋಗುವಾಗ ಕ್ಷಣ ಎಳೆತ ನಿಲ್ಲುತ್ತದೆ, ತಲೆ ಸ್ವಲ್ಪ ಮುಂದಕ್ಕೆ ವಾಲುತ್ತದೆ. ಗೇರ್ ಬದಲಾಗುವ ಹೊತ್ತಿಗೆ ಆಕ್ಸಿಲರೇಟರ್ ಮೇಲಿನ ಕಾಲು ತುಸು ಸಡಿಲಿಸಿದರೆ ಅದು ಬಹುತೇಕ ಗೊತ್ತಾಗುವುದಿಲ್ಲ. ಏರಿನಲ್ಲಿ ಕಾರು ನಿಂತಾಗ ಮಾತ್ರ ಜೋಪಾನ. ಆಕ್ಸಿಲರೇಟರ್ ಒತ್ತಿ ಹಿಡಿದು ಕಾರನ್ನು ನಿಲ್ಲಿಸಬಾರದು, ಕ್ಲಚ್ ಸುಟ್ಟುಹೋಗುತ್ತದೆ. ಹ್ಯಾಂಡ್‌ಬ್ರೇಕ್ ಬಳಸಬೇಕು.

ಜಾಝ್‌ನಲ್ಲಿದ್ದದ್ದು ಸಿವಿಟಿ. ಅದರಲ್ಲಿ ಹಲ್ಲಿನ ಗೇರುಗಳ ಬದಲು ಎರಡು ಪುಲ್ಲಿ, ನಡುವೆ ಒಂದು ಲೋಹದ ಬೆಲ್ಟ್. ಪುಲ್ಲಿಗಳ ಅಗಲ ಬದಲಾಗುತ್ತಾ ಹೋಗುವುದರಿಂದ ಗೇರ್ ಬದಲಾದದ್ದೇ ತಿಳಿಯುವುದಿಲ್ಲ. ಟ್ರಾಫಿಕ್ಕಿನಲ್ಲಿ ಬ್ರೇಕ್ ಬಿಟ್ಟರೆ ಸಾಕು, ಮೆಲ್ಲಗೆ ಮುಂದೆ ಸಾಗುತ್ತದೆ. ಓವರ್‌ಟೇಕ್ ಮಾಡೋಣ ಅಂತ ಜೋರಾಗಿ ಒತ್ತಿದರೆ ಮೊದಲು ಎಂಜಿನ್ ಸದ್ದು ಏರುತ್ತದೆ, ವೇಗ ಆಮೇಲೆ ಬರುತ್ತದೆ. ಜೋರು ಓಡಿಸುವವರಿಗೆ ಇದು ಹಿಡಿಸುವುದಿಲ್ಲ. ನನಗೆ ದಿನಕ್ಕೆ ನೂರು ಸಲ ನಿಲ್ಲಿಸಿ ಹೊರಡುವ ಸಲೀಸೇ ಮುಖ್ಯವಾಯಿತು.

ಓಡಿಸುವ ಖುಷಿಯಲ್ಲಿ ಸ್ವಿಫ್ಟ್ ಮುಂದೆ, ಅನುಮಾನವೇ ಇಲ್ಲ. ತೂಕ ಸುಮಾರು 900 ಕೆಜಿ ಅಷ್ಟೇ. ಜಾಝ್ 1,000 ದಾಟುತ್ತದೆ. ಸ್ವಿಫ್ಟ್‌ನ ಟರ್ನಿಂಗ್ ರೇಡಿಯಸ್ 4.8 ಮೀಟರ್. ನಾನು ಜಾಝ್‌ನಲ್ಲಿ ಒಮ್ಮೆ ರಿವರ್ಸ್ ತೆಗೆದುಕೊಳ್ಳಬೇಕಾದ ಕಡೆ ಸ್ವಿಫ್ಟ್ ಒಂದೇ ಸುತ್ತಿಗೆ ತಿರುಗಿತು. ಒಳಗೆ ಕೂತು ಹೊರಗಡೆ ನೋಡಲು ಮಾತ್ರ ಜಾಝ್ ಚೆನ್ನ. ಮುಂದಿನ ಕಂಬದ ಪಕ್ಕ ಸಣ್ಣ ಗಾಜು ಇರುವುದರಿಂದ ತಿರುವಿನಲ್ಲಿ ದಾಟುವವರು ಕಾಣಿಸುತ್ತಾರೆ. ಸ್ವಿಫ್ಟ್‌ನ ಹಿಂದಿನ ಕಂಬ ದಪ್ಪ, ರಿವರ್ಸ್ ತೆಗೆಯುವಾಗ ಆ ಕಡೆ ಎರಡು ಸಲ ನೋಡಬೇಕು. ಈ ಮಾದರಿಯಲ್ಲಿ ಹಿಂದಿನ ಬಾಗಿಲ ಹಿಡಿಕೆಯೂ ಆ ಕಂಬದ ಹತ್ತಿರ, ಮೇಲ್ಗಡೆ ಇದೆ. ಸಣ್ಣ ಮಕ್ಕಳ ಕೈಗೆ ಎಟುಕುವುದಿಲ್ಲ. ಮುಂದಿನ ತಲೆಮಾರಿನಲ್ಲಿ ಅದನ್ನು ಬಾಗಿಲಿಗೇ ತಂದರು.

ಹಿಂದಿನ ಸೀಟಿಗೆ ಬಂದಾಗ ನನ್ನ ಮನಸ್ಸು ವಾಲಿತು. ಸಾಮಾನ್ಯವಾಗಿ ಪೆಟ್ರೋಲ್ ಟ್ಯಾಂಕ್ ಹಿಂದಿನ ಸೀಟಿನ ಕೆಳಗಿರುತ್ತದೆ. ಹೋಂಡಾದವರು 2001ರ ಮೊದಲ ಜಾಝ್‌ನಿಂದಲೇ ಅದನ್ನು ಮುಂದಿನ ಸೀಟಿನ ಕೆಳಗೆ ಇಟ್ಟರು. ಎಷ್ಟು ಒಳ್ಳೆಯ ಯೋಚನೆ! ಹಿಂದೆ ನೆಲ ತಗ್ಗಿ ಜಾಗ ಸಿಗುತ್ತದೆ. ಕೂರುವ ಭಾಗವನ್ನೇ ಸಿನಿಮಾ ಹಾಲಿನ ಕುರ್ಚಿ ಹಾಗೆ ಮೇಲಕ್ಕೆ ಮಡಚಬಹುದು. ಎತ್ತರದ ಗಿಡದ ಕುಂಡ, ಮಡಚಿದ ಗಾಲಿಕುರ್ಚಿ ನೆಟ್ಟಗೆ ನಿಲ್ಲುತ್ತವೆ. ಹಾಗೆ ಮಡಚುವ ಸೀಟು ಎಲ್ಲ ವೇರಿಯಂಟ್‌ಗಳಲ್ಲಿ ಇಲ್ಲ, ಕೈಯಾರೆ ಎತ್ತಿ ನೋಡಿಯೇ ತೆಗೆದುಕೊಳ್ಳಿ. ನಮ್ಮ ಅಮ್ಮನನ್ನು ಎರಡೂ ಕಾರಿನಲ್ಲಿ ಕೂರಿಸಿದೆ. ಸ್ವಿಫ್ಟ್‌ನಿಂದ ಏಳುವಾಗ ಬಾಗಿಲು ಹಿಡಿದುಕೊಂಡರು. ಜಾಝ್‌ನಿಂದ ಹಾಗೇ ಇಳಿದರು.

ಮೈಲೇಜು ಅಳೆಯಲು ಮೀಟರ್ ತೋರಿಸುವ ಸರಾಸರಿಯನ್ನು ನಾನು ನಂಬುವುದಿಲ್ಲ. ಟ್ಯಾಂಕ್ ತುಂಬಿಸಿ, ಟ್ರಿಪ್ ಸೊನ್ನೆ ಮಾಡಿ, ಓಡಿಸಿ, ಅದೇ ಬಂಕಿನಲ್ಲಿ ಮತ್ತೆ ತುಂಬಿಸಿ, ಕಿಲೋಮೀಟರನ್ನು ಲೀಟರ್‌ನಿಂದ ಭಾಗಿಸಬೇಕು. ಕೊಳ್ಳುವ ಮುಂಚೆ ಇದನ್ನೆಲ್ಲ ಮಾಡಲು ಆಗುವುದಿಲ್ಲ. ಎರಡೂ ಕಾರು ಇಟ್ಟುಕೊಂಡಿರುವ ಪರಿಚಯದವರ ಲೆಕ್ಕ ಕೇಳಿದೆ. ಹಗುರ ಇರುವುದರಿಂದ ಸ್ವಿಫ್ಟೇ ಮುಂದಿತ್ತು.

ಆದರೂ ಜಾಝ್ ತೆಗೆದುಕೊಂಡೆ. ಒಬ್ಬನೇ ಓಡಾಡುವಂತಿದ್ದರೆ ಸ್ವಿಫ್ಟ್ ಬಿಡುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಹಿಂದಿನ ಸೀಟು ಖಾಲಿ ಇರುವುದೇ ಕಡಿಮೆ. ದುಡ್ಡು ಕೊಡುವ ಮುಂಚೆ ಸರ್ವಿಸ್ ಪುಸ್ತಕದಲ್ಲಿ ಸಿವಿಟಿ ಆಯಿಲ್ ಬದಲಿಸಿದ ದಾಖಲೆ ಹುಡುಕಿದೆ. ಈ ಗೇರ್‌ಬಾಕ್ಸಿಗೆ ಹೋಂಡಾ ಹೇಳಿರುವುದು ಎಚ್‌ಸಿಎಫ್-2 ಆಯಿಲ್, ಬೇರೆ ಯಾವುದನ್ನೂ ಹಾಕಿಸಬಾರದು. ದಾಖಲೆ ಇಲ್ಲದ ಒಂದು ಜಾಝನ್ನು ಬಿಟ್ಟು, ದಾಖಲೆ ಇದ್ದದ್ದನ್ನೇ ಕೊಂಡೆ.