ವಾಲ್ವ್ ತೊಂದರೆ ಇದ್ದವರಿಗೆ ಜ್ವರ ಬಂದರೆ ಮೊದಲು ಏನು ಮಾಡಬೇಕು

ನಮ್ಮ ಮಲೆನಾಡಲ್ಲಿ ಜ್ವರ ಅಂದ ಕೂಡಲೇ ನೆನಪಾಗುವುದು ಮಂಗನ ಕಾಯಿಲೆ, ಡೆಂಗಿ, ಇಲಿ ಜ್ವರ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಶುರುವಾದ ಆ ಭಯ ಇನ್ನೂ ಹೋಗಿಲ್ಲ, ಹೋಗಲೂಬಾರದು. ಆದರೆ ಹೃದಯದ ವಾಲ್ವ್ ಕೆಟ್ಟವರು ಇನ್ನೊಂದನ್ನೂ ತಲೆಯಲ್ಲಿ ಇಟ್ಟುಕೊಳ್ಳಬೇಕು. ರಕ್ತಕ್ಕೆ ಸೇರಿದ ಬ್ಯಾಕ್ಟೀರಿಯಾ ವಾಲ್ವ್ ಮೇಲೆ ಕೂತು ಬೆಳೆಯುತ್ತದೆ. ಡಾಕ್ಟರು ಇದನ್ನು ಎಂಡೋಕಾರ್ಡೈಟಿಸ್ ಅನ್ನುತ್ತಾರೆ.

ಯಾರಿಗೆ ಅಪಾಯ? ಎಲ್ಲರಿಗಿಂತ ಜಾಸ್ತಿ, ಕೃತಕ ವಾಲ್ವ್ ಹಾಕಿಸಿಕೊಂಡವರಿಗೆ ಮತ್ತು ಈ ಸೋಂಕು ಒಮ್ಮೆ ಬಂದು ಹೋದವರಿಗೆ. ಚಿಕ್ಕಂದಿನಲ್ಲಿ ರುಮ್ಯಾಟಿಕ್ ಜ್ವರ ಬಂದು ವಾಲ್ವ್ ಹಾಳಾದವರು, ಹುಟ್ಟಿನಿಂದಲೇ ಹೃದಯದ ದೋಷ ಇರುವವರು, ಪೇಸ್‌ಮೇಕರ್ ಇರುವವರು, ಕ್ಯಾಥೆಟರ್ (ರಕ್ತನಾಳಕ್ಕೆ ಹಾಕಿದ ಕೊಳವೆ) ಮೂಲಕ ಡಯಾಲಿಸಿಸ್ ಮಾಡಿಸಿಕೊಳ್ಳುವವರು, ನರಕ್ಕೆ ಡ್ರಗ್ಸ್ ಚುಚ್ಚಿಕೊಳ್ಳುವವರೂ ಈ ಸಾಲಿಗೇ ಸೇರುತ್ತಾರೆ.

ಇಂಥವರಿಗೆ ಜ್ವರ ಬಂದರೆ ಮೆಡಿಕಲ್ ಶಾಪಿಗೆ ಹೋಗಿ ಸುಮ್ನೆ ಆಂಟಿಬಯೋಟಿಕ್ ತಗೊಳ್ಳಬೇಡಿ. ನಾನು ಹೇಳಬೇಕಾದ ಮುಖ್ಯ ಮಾತೇ ಇದು. ನಾಲ್ಕು ಮಾತ್ರೆ ನುಂಗಿದರೆ ಜ್ವರ ಇಳಿದ ಹಾಗೆ ಕಾಣುತ್ತದೆ, ವಾಲ್ವ್ ಮೇಲಿನ ಬ್ಯಾಕ್ಟೀರಿಯಾ ಸಾಯುವುದಿಲ್ಲ, ಮತ್ತೆ ಆಸ್ಪತ್ರೆಗೆ ಹೋದಾಗ, ರಕ್ತದಲ್ಲಿನ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಬ್ಲಡ್ ಕಲ್ಚರ್‌ನಲ್ಲಿ ಏನೂ ಬೆಳೆಯದೆ ಯಾವ ಔಷಧಿ ಕೊಡಬೇಕು ಅನ್ನುವುದೇ ಡಾಕ್ಟರಿಗೆ ಗೊತ್ತಾಗದೆ ಹೋಗಬಹುದು. ಅದಕ್ಕೇ ಮೊದಲು ಕಲ್ಚರ್, ಆಮೇಲೆ ಔಷಧಿ. ಸಾಮಾನ್ಯವಾಗಿ ಬೇರೆ ಬೇರೆ ಜಾಗದಿಂದ 3 ಸಲ ರಕ್ತ ತೆಗೆದು, ದ್ರವ ತುಂಬಿದ ಬಾಟಲಿಗಳಿಗೆ ಹಾಕುತ್ತಾರೆ. ಇಷ್ಟೊಂದು ರಕ್ತ ಯಾಕೆ ಅಂತ ಜಗಳ ಮಾಡಬೇಡಿ. ಜೊತೆಗೆ ಎಕೋ, ಅಂದರೆ ಹೃದಯದ ಸ್ಕ್ಯಾನ್, ಬೇಕು. ಮಂಗನ ಕಾಯಿಲೆಯ ಪರೀಕ್ಷೆಯೂ ಆಗಲಿ, ಆದರೆ "ನನಗೆ ವಾಲ್ವ್ ತೊಂದರೆ ಇದೆ" ಅಂತ ಮೊದಲೇ ಬಾಯಿಬಿಟ್ಟು ಹೇಳಿ, ಹಳೇ ಫೈಲ್ ತೋರಿಸಿ.

ಜ್ವರ ಜೋರಾಗಿಯೇ ಇರಬೇಕೆಂದಿಲ್ಲ. ವಾರಗಟ್ಟಲೆ ಸಣ್ಣ ಜ್ವರ, ರಾತ್ರಿ ಬೆವರು, ಊಟ ಸೇರದಿರುವುದು, ತೂಕ ಇಳಿಯುವುದು, ಇಷ್ಟೇ ಇರಬಹುದು. ಉಗುರನ್ನೂ ನೋಡಿಕೊಳ್ಳಿ: ಸಿಬರು ಚುಚ್ಚಿದ ಹಾಗೆ ಉಗುರಿನಡಿ ಉದ್ದಕ್ಕೆ ಕೆಂಪು-ಕಂದು ಗೆರೆ ಕಂಡರೆ ಡಾಕ್ಟರಿಗೆ ತೋರಿಸಿ. ತೋಟದ ಕೆಲಸದಲ್ಲಿ ಪೆಟ್ಟಾದರೂ ಅಂಥ ಗೆರೆ ಬರುತ್ತದೆ, ಆದರೆ ಜ್ವರದ ಜೊತೆ ಬಂದರೆ ಬಿಡಬೇಡಿ.

ಈಗ ಬಾಯಿ. ಬ್ಯಾಕ್ಟೀರಿಯಾ ರಕ್ತಕ್ಕೆ ಇಳಿಯುವ ದೊಡ್ಡ ದಾರಿ ಕೆಟ್ಟ ವಸಡು. ಎಲೆ-ಅಡಿಕೆ, ತಂಬಾಕು ಬಿಡಿ, ದಿನಕ್ಕೆ ಎರಡು ಸಲ ಹಲ್ಲುಜ್ಜಿ. ಕೃತಕ ವಾಲ್ವ್ ಇದ್ದರೆ ಅಥವಾ ಈ ಸೋಂಕು ಮೊದಲು ಬಂದಿದ್ದರೆ, ಹಲ್ಲು ಕೀಳಿಸುವ 30ರಿಂದ 60 ನಿಮಿಷ ಮೊದಲು ಒಂದು ಡೋಸ್ ಆಂಟಿಬಯೋಟಿಕ್ ಬೇಕಾಗುತ್ತದೆ. ಯಾವುದು, ಎಷ್ಟು ಅಂತ ಡಾಕ್ಟರೇ ಬರೆದುಕೊಡಲಿ. 3 ವಾರಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್ ನಡೀತಿದೆಯಲ್ವಾ, ಅದೇ ಸಾಕು ಅಂದುಕೊಳ್ಳಬೇಡಿ. ಅದು ರುಮ್ಯಾಟಿಕ್ ಜ್ವರ ಮತ್ತೆ ಬರದಿರಲಿ ಅಂತ ಕೊಡುವುದು, ಇದಕ್ಕಲ್ಲ. ರಕ್ತ ತೆಳು ಮಾಡುವ ಮಾತ್ರೆಯನ್ನೂ ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ.

ಇಂಬಳ ಕಚ್ಚಿದ ಜಾಗ ಕೆರೆದು ಹುಣ್ಣಾದರೆ, ಅಡಿಕೆ ಸುಲಿಯುವಾಗ ಕತ್ತಿ ತಾಗಿದರೆ ಸೋಪು ನೀರಲ್ಲಿ ತೊಳೆಯಿರಿ. ಕೀವು ಕಟ್ಟಿದರೆ ತೋರಿಸಿ.

ಸೋಂಕು ಖಾತ್ರಿಯಾದರೆ ಹೆಚ್ಚಿನವರಿಗೆ 4ರಿಂದ 6 ವಾರ ನರಕ್ಕೆ ಔಷಧಿ ಕೊಡುತ್ತಾರೆ. ಜ್ವರ ಬಿಟ್ಟಿತು, ಕೊಯ್ಲು ಇದೆ ಅಂತ ನಡುವೆ ಎದ್ದು ಬರಬೇಡಿ. ಕೈಕಾಲು ಒಂದು ಕಡೆ ಸೋತರೆ, ಮಾತು ತೊದಲಿದರೆ, ಮಲಗಿದಾಗ ಉಸಿರು ಕಟ್ಟಿದರೆ ಬೆಳಗಾಗಲಿ ಅಂತ ಕಾಯದೆ 108ಕ್ಕೆ ಫೋನ್ ಮಾಡಿ.